ಖೋರಾ ಚರ್ಚಲ್ಲಿ ಅಮ್ಮ ತೋರಿಸಿದ ಕೈ

ಅಮ್ಮನ್ನ ಕರ್ಕೊಂಡು ಇಸ್ತಾಂಬುಲ್‌ಗೆ ಹೋಗಿ ಆರು ದಿನ ಇದ್ವಿ. ಹಗಿಯಾ ಸೋಫಿಯಾ, ಬಾಸ್ಫರಸ್ ದೋಣಿ, ಬಜಾರು ಎಲ್ಲಾ ಆಯ್ತು, ಅದ್ರ ಬಗ್ಗೆ ಬರೆದೋರು ಬೇಕಾದಷ್ಟು ಜನ ಇದಾರೆ. ನಾನು ಹೇಳ್ಬೇಕು ಅಂತಿರೋದು ಎಡಿರ್ನೆಕಾಪಿ ಹತ್ರ, ಹಳೇ ಕೋಟೆಗೋಡೆ ಮಗ್ಗುಲಲ್ಲಿರೋ ಖೋರಾ ಚರ್ಚ್ ಬಗ್ಗೆ. ಈಗ ಅದು ಕಾರಿಯೆ ಮಸೀದಿ.

ಮೊದ್ಲೇ ಹೇಳ್ಬಿಡ್ತೀನಿ, ಶುಕ್ರವಾರ ಹೋಗ್ಬೇಡಿ. ನಾವಿದ್ದ ಹೋಟೆಲಲ್ಲಿ "ದಿನಾ ತೆಗೆದಿರುತ್ತೆ" ಅಂದಿದ್ದನ್ನ ನಂಬ್ಕೊಂಡು, ಮಂಡಿನೋವಿರೋ ಅಮ್ಮನ್ನ ಬಾಲಾತ್ ಕಡೆಯಿಂದ ಆ ಏರು ರಸ್ತೆ ಹತ್ತಿಸಿದೆ, ಬಾಗಿಲಿಗೆ ಹೋದ್ರೆ ಶುಕ್ರವಾರ ಪ್ರವಾಸಿಗರನ್ನ ಬಿಡಲ್ಲ ಅಂದ್ರು. ಈಗ್ಲೂ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಮಾರನೇ ದಿನ ಎಡಿರ್ನೆಕಾಪಿಲಿ ಇಳಿದ್ವಿ, ಅಲ್ಲಿಂದ ಇಳಿಜಾರು, ವಯಸ್ಸಾದೋರಿದ್ರೆ ಹಾಗೇ ಹೋಗಿ. ವಿದೇಶಿಯರಿಗೆ ಟಿಕೆಟ್ 20 ಯೂರೋ. ಹೆಂಗಸರು ತಲೆ ಮುಚ್ಕೋಬೇಕು, ಅಮ್ಮ ಸೆರಗು ಹೊದ್ಕೊಂಡ್ಲು.

ಹೊರಗಿಂದ ಅಂಥ ದೊಡ್ಡ ಕಟ್ಟಡ ಏನಲ್ಲ. ಒಂದು ವರಸೆ ಕಲ್ಲು ಒಂದು ವರಸೆ ಇಟ್ಟಿಗೆ, ಗಿಡ್ಡ ಗುಮ್ಮಟಗಳು, ಮೂಲೇಲಿ ಒಂದು ಮಿನಾರು, ಹಿಂಭಾಗ ಕುಸೀದೆ ಇರ್ಲಿ ಅಂತ ಊರುಗೋಲಿನ ಥರ ಕೊಟ್ಟಿರೋ ಅರ್ಧ ಕಮಾನು. ಖೋರಾ ಅಂದ್ರೆ ಗ್ರೀಕಲ್ಲಿ ಊರಾಚೆಯ ಜಾಗ. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕಟ್ಟಿಸಿದ ಗೋಡೆಯಿಂದ ಆಚೆ ಇತ್ತು, 5ನೇ ಶತಮಾನದಲ್ಲಿ ಥಿಯೋಡೋಸಿಯಸ್ ಕಾಲದ ಹೊಸ ಗೋಡೆ ಎದ್ದ ಮೇಲೆ ಊರೊಳಗೆ ಬಂತು, ಹೆಸರು ಮಾತ್ರ ಹಾಗೇ ಉಳೀತು. ಒಳಗೆ ಅದೇ ಪದಕ್ಕೆ ಬೇರೆ ಅರ್ಥ ಕೊಟ್ಟಿದಾರೆ, ಕ್ರಿಸ್ತನ ಪಕ್ಕ "ಬದುಕಿರೋರ ನಾಡು", ಮೇರಿ ಪಕ್ಕ "ಎಲ್ಲೂ ಹಿಡಿಸದವನನ್ನ ಹಿಡಿಸಿಕೊಂಡ ಜಾಗ" ಅಂತ ಬರೆದಿದೆ.

ಕಟ್ಟಡದ ನಡುಭಾಗ 11-12ನೇ ಶತಮಾನದ್ದು. ನಾವು ನೋಡೋಕೆ ಹೋಗೋ ಮೊಸಾಯಿಕ್ (ಬಣ್ಣದ ಚೂರುಗಳನ್ನ ಜೋಡಿಸಿ ಮಾಡಿದ ಚಿತ್ರ), ಗೋಡೆಚಿತ್ರ ಎಲ್ಲಾ ಸುಮಾರು 1315ರಿಂದ 1321ರೊಳಗೆ ಥಿಯೋಡೋರ್ ಮೆಟೋಕೈಟಿಸ್ ಮಾಡಿಸಿದ್ದು, ಆಗ ಇದೇ ಊರಿಂದ ಆಳ್ತಿದ್ದ ಬೈಜಾಂಟೈನ್ ಚಕ್ರವರ್ತಿ ಎರಡನೇ ಆಂಡ್ರೋನಿಕೋಸ್‌ನ ಮುಖ್ಯಮಂತ್ರಿ ಅನ್ನಬಹುದು. ಬಾಗಿಲ ಮೇಲೆ ಅವನೇ ಇದಾನೆ, ತಲೆ ಮೇಲೆ ಇಷ್ಟು ದೊಡ್ಡ ಟೋಪಿ, ಮಂಡಿಯೂರಿ ಚರ್ಚಿನ ಪುಟ್ಟ ಮಾದರೀನ ಕ್ರಿಸ್ತನಿಗೆ ಒಪ್ಪಿಸ್ತಾ. 1328ರಲ್ಲಿ ರಾಜನ ಮೊಮ್ಮಗ ಪಟ್ಟ ಕಿತ್ಕೊಂಡಾಗ ಇವನ ಮನೆ ಲೂಟಿ ಆಯ್ತು, ಗಡೀಪಾರಾದ. ಎರಡು ವರ್ಷಕ್ಕೆ ವಾಪಸ್ ಬಂದು, ತಾನು ಚಿನ್ನ ಸುರಿದು ಮಾಡಿಸಿದ ಇದೇ ಚರ್ಚಿನ ಮಠದಲ್ಲಿ ಸನ್ಯಾಸಿಯಾಗಿದ್ದು 1332ರಲ್ಲಿ ತೀರ್ಕೊಂಡ. ಆಮೇಲೆ 16ನೇ ಶತಮಾನದ ಶುರುವಲ್ಲಿ ಮಸೀದಿ, 1948ರಿಂದ ಹತ್ತು ವರ್ಷ ಅಮೆರಿಕದೋರು ಚಿತ್ರಗಳನ್ನ ಶುಚಿ ಮಾಡಿದ್ರು, ಮ್ಯೂಸಿಯಂ ಆಯ್ತು, 2024ರ ಮೇನಲ್ಲಿ ಮತ್ತೆ ಮಸೀದಿಯಾಗಿ ತೆರೀತು.

ಒಳಮೊಗಸಾಲೆ ಚಾವಣಿ ಕೆಳಗೆ ಅಮ್ಮ ನಿಂತೋಳು ನಿಂತೇಬಿಟ್ಲು. ಅಲ್ಲಿ ಕೂಸು ಮೇರಿನ ಅಪ್ಪ ಅಮ್ಮ ಇಬ್ರೂ ಮಧ್ಯೆ ಕೂರಿಸ್ಕೊಂಡು ಮುದ್ದಾಡ್ತಿದಾರೆ, ಮೂಲೆಗಳಲ್ಲಿ ನವಿಲು. ಇನ್ನೊಂದು ಕಡೆ ಆರು ತಿಂಗಳ ಅದೇ ಮಗು ತನ್ನ ಅಮ್ಮನ ಕಡೆ ಏಳು ಹೆಜ್ಜೆ ಇಡ್ತಿದೆ. "ದೇವ್ರನ್ನ ಹೆತ್ತೋಳಿಗೂ ನಡೆಯೋಕೆ ಕಲಿಸ್ಬೇಕಾಯ್ತು ನೋಡು" ಅಂದ್ಲು ನಮ್ಮಮ್ಮ. ಹಗಿಯಾ ಸೋಫಿಯಾದಲ್ಲಿ ನಾನು ಬೆರಗಾಗಿದ್ದೆ ಅಷ್ಟೇ, ಗಂಟಲು ಕಟ್ಟಿದ್ದು ಇಲ್ಲಿ.

ಪಕ್ಕದಲ್ಲೇ ಸಮಾಧಿಗಳಿಗೆ ಅಂತ ಕಟ್ಟಿಸಿದ ಉದ್ದನೆ ಚಾಪೆಲ್, ಅಂದ್ರೆ ಚಿಕ್ಕ ಪ್ರಾರ್ಥನಾ ಮಂದಿರ. ಅಲ್ಲಿ ಚಿನ್ನದ ಮೊಸಾಯಿಕ್ ಇಲ್ಲ, ಬರೀ ಗಾರೆ ಮೇಲಿನ ಬಣ್ಣ, ನನಗೆ ಅದೇ ಹೆಚ್ಚು ಹಿಡಿಸ್ತು. ಕೊನೇಲಿ ಅರ್ಧಗುಮ್ಮಟದ ತುಂಬಾ ಒಂದೇ ಚಿತ್ರ. ಬಿಳಿ ಬಟ್ಟೆಯ ಕ್ರಿಸ್ತ ಪಾತಾಳಕ್ಕೆ ಇಳಿದು ಒಂದು ಕೈಲಿ ಆದಮನನ್ನ, ಇನ್ನೊಂದ್ರಲ್ಲಿ ಕೆಂಪು ಬಟ್ಟೆಯ ಹವ್ವಳನ್ನ ಸಮಾಧಿಯಿಂದ ಎಳೀತಿದಾನೆ, ಕಾಲ ಕೆಳಗೆ ಮುರಿದ ಬಾಗಿಲು, ಚೆಲ್ಲಾಪಿಲ್ಲಿ ಬೀಗದ ಕೈಗಳು, ಕಟ್ಟಿಹಾಕಿದ ಸೈತಾನ. ನಾನು ಬೀಗದ ಕೈ ಫೋಟೋ ತೆಗೀತಿದ್ದೆ.

"ಕೈ ಹಿಡಿದಿಲ್ಲ ಕಣೋ, ಮಣಿಕಟ್ಟು ಹಿಡಿದಿದಾನೆ" ಅಂದ್ಲು ಅಮ್ಮ.

ನೋಡಿದ್ರೆ ಹೌದು, ಇಬ್ಬರದ್ದೂ ಮಣಿಕಟ್ಟೇ, ಅವರ ಬೆರಳು ಸುಮ್ನೆ ಜೋಲ್ತಿದಾವೆ.

"ಮುಳುಗೋರನ್ನ ಹಾಗೇ ಹಿಡಿಯೋದು. ಕೈಗೆ ಕೈ ಕೊಟ್ರೆ ಅವರೂ ಹಿಡ್ಕೋಬೇಕಲ್ಲ, ಶಕ್ತಿ ಎಲ್ಲಿರುತ್ತೆ? ನಿಮ್ಮ ಮಾವ ಚಿಕ್ಕೋನಿದ್ದಾಗ ತೋಟದ ಬಾವಿಗೆ ಬಿದ್ದಿದ್ನಲ್ಲ."

ನನಗೆ ಗೊತ್ತೇ ಇರ್ಲಿಲ್ಲ, ಇಷ್ಟು ವರ್ಷದಲ್ಲಿ ಒಂದು ಸಲಾನೂ ಹೇಳಿರ್ಲಿಲ್ಲ. ತಾತ ಮೆಟ್ಟಿಲ ಕೊನೇಲಿ ಒಂದು ಕಾಲು ಊರಿ ಹೀಗೇ ಬಗ್ಗಿ ಎಳೆದ್ರಂತೆ, ಮೇಲೆ ನಿಂತಿದ್ದ ಅಮ್ಮಂಗೆ ಆಗ ಒಂಬತ್ತು ವರ್ಷ. ಆ ಚಿತ್ರದ ಕೆಳಗೆ ನಿಂತ್ಕೊಂಡೇ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದು ತೋರಿಸಿದ್ಲು. ಎರಡು ದಿನ ಮಾವನ ಕೈ ಮೇಲೆ ತಾತನ ಐದೂ ಬೆರಳಿನ ಗುರುತು ಇತ್ತಂತೆ.