ಕೂಲಿಯ ನ್ಯಾಯ ಕಲಿಸಲು ಎರಡು ತಾಸು, ಆರು ಚೀಟಿ

‘ಅತಿ ಹೆಚ್ಚು ಜನರಿಗೆ ಅತಿ ಹೆಚ್ಚು ಸುಖ’ ಎಂದು ಬೋರ್ಡಿನ ಮೇಲೆ ಬರೆದು, ಇಂಗ್ಲೆಂಡಿನ ಚಿಂತಕ ಬೆಂಥಮ್ ಹೆಸರು ಹೇಳಿ, ಮುಂದಿನ ಪಾಠಕ್ಕೆ ಹೋಗುವುದು ಸುಲಭ. ಮಕ್ಕಳು ಬಾಯಿಪಾಠ ಮಾಡಿ ಎರಡು ಅಂಕ ಪಡೆಯುತ್ತಾರೆ. ಬಟವಾಡೆ ದಿನ ಅವ್ವ ತಂದ ರೊಕ್ಕಕ್ಕೂ ಆ ಮಾತಿಗೂ ಏನು ಸಂಬಂಧ ಎಂಬುದು ಮಾತ್ರ ಅವರಿಗೆ ಹೊಳೆಯುವುದಿಲ್ಲ. ಧಾರವಾಡ, ಹಾವೇರಿ ಕಡೆಯ ಪಿಯು ತರಗತಿಗಳಲ್ಲಿ ಇದನ್ನು ಎರಡು ತಾಸಿನಲ್ಲಿ ಲೆಕ್ಕ ಹಾಕಿಸಿಯೇ ಕಲಿಸಬಹುದು. ಆರು ಚೀಟಿ, ಒಂದು ಗಡಿಯಾರ, ಒಂದು ತಕ್ಕಡಿ, ಅರ್ಧ ಕಿಲೋ ಬ್ಯಾಡಗಿ ಮೆಣಸಿನಕಾಯಿ, ಸ್ವಲ್ಪ ಕೊಬ್ಬರಿ ಎಣ್ಣೆ ಇದ್ದರೆ ಸಾಕು.

ಚೀಟಿಗೊಂದರಂತೆ ಆರು ಕೆಲಸ ಇವು: ಮೆಣಸಿನಕಾಯಿ ತುಂಬು (ತೊಟ್ಟು) ಬಿಡಿಸುವವರು, ಪೌರಕಾರ್ಮಿಕರು, ಬಸ್ ಚಾಲಕರು, ನರ್ಸ್, ಅತಿಥಿ ಉಪನ್ಯಾಸಕರು, ಬ್ಯಾಂಕ್ ಗುಮಾಸ್ತರು. ಆದರೆ ಚೀಟಿಯಲ್ಲಿ ಹೆಸರು ಬರೆಯಬಾರದು. ಹೆಸರು ಕಂಡ ಕೂಡಲೇ ಮಕ್ಕಳು ತಮಗೆ ಗೊತ್ತಿರುವ ಪಗಾರ ನೆನೆದು ಅಂಕ ಹಾಕುತ್ತಾರೆ. ಅಲ್ಲಿಗೆ ಪಾಠ ಕೆಟ್ಟಿತು. ಏನು ಮಾಡುತ್ತಾರೆ ಎಂಬುದನ್ನಷ್ಟೇ ಬರೆಯಿರಿ. ‘ನೆಲದ ಮೇಲೆ ಕುಳಿತು ಒಣಕಾಯಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ಎರಡು ಬೆರಳಿನಿಂದ ತುಂಬು ಕೀಳುವುದು. ಕಾಯಿ ಒಡೆದು ಬೀಜ ಉದುರಬಾರದು. ಘಾಟಿಗೆ ಕೆಮ್ಮು, ಸೀನು. ಸಂಜೆ ಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ಬೆರಳ ತುದಿ ಉರಿ. ಕೂಲಿ ಕಿಲೋ ಲೆಕ್ಕದಲ್ಲಿ.’ ಇಷ್ಟು ವಿವರ ಪ್ರತಿ ಚೀಟಿಯಲ್ಲೂ ಇರಲಿ.

ಅಳತೆಗೆ ನಾಲ್ಕು ಅಂಶ: ಕೌಶಲ್ಯ, ಶ್ರಮ, ಜವಾಬ್ದಾರಿ, ಕೆಲಸದ ಜಾಗದ ಸ್ಥಿತಿ. ಮಕ್ಕಳನ್ನು ಗುಂಪು ಮಾಡಿ, ಪ್ರತಿ ಚೀಟಿಯ ಕೆಲಸಕ್ಕೂ ಒಂದೊಂದು ಅಂಶಕ್ಕೆ 1ರಿಂದ 5ರವರೆಗೆ ಅಂಕ ಹಾಕಿಸಿ. ಇಲ್ಲಿ ತಪ್ಪದೆ ಆಗುವ ತಪ್ಪೆಂದರೆ, ಕೌಶಲ್ಯ ಅಂದರೆ ಓದಿನ ಸರ್ಟಿಫಿಕೇಟು ಎಂದು ಮಕ್ಕಳು ತಿಳಿಯುವುದು. ತುಂಬು ಬಿಡಿಸುವ ಕೆಲಸಕ್ಕೆ ಎಲ್ಲ ಗುಂಪೂ 1 ಹಾಕುತ್ತದೆ. ಆಗ ಮೆಣಸಿನಕಾಯಿ ಹೊರಗೆ ತೆಗೆಯಿರಿ. ಇಬ್ಬರಿಗೆ ತಲಾ ಕಾಲು ಕಿಲೋ ಕೊಟ್ಟು ಹತ್ತು ನಿಮಿಷ ಬಿಡಿಸಲು ಹೇಳಿ, ಬಿಡಿಸಿದ್ದನ್ನು ತೂಗಿ, ಒಡೆದ ಕಾಯಿ ಬೇರೆ ಎಣಿಸಿ. ಬ್ಯಾಡಗಿ ತಳಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಆದರೂ ಮೊದಲೇ ಕೈಗೆ ಕೊಬ್ಬರಿ ಎಣ್ಣೆ ಸವರಬೇಕು. ಖಾರದ ಅಂಶ ಎಣ್ಣೆಯಲ್ಲಿ ಕರಗುತ್ತದೆ, ಬರೀ ನೀರಿಗೆ ಹೋಗುವುದಿಲ್ಲ. ಕಣ್ಣು ಮುಟ್ಟಬಾರದು. ಅಸ್ತಮಾ ಇರುವ ಮಕ್ಕಳನ್ನು ಆ ಹೊತ್ತು ಹೊರಗೆ ಕೂರಿಸಿ. ಹತ್ತು ನಿಮಿಷ ಆಗುವಷ್ಟರಲ್ಲಿ ಆ 1 ತಾನಾಗಿಯೇ 2 ಆಗುತ್ತದೆ.

ಇನ್ನು ತೂಕದ ಮಾತು, ಅಂದರೆ ಯಾವ ಅಂಶಕ್ಕೆ ಎಷ್ಟು ಬೆಲೆ ಎಂಬುದು. ತುಂಬು ಬಿಡಿಸುವವರಿಗೆ ಕ್ರಮವಾಗಿ 2, 4, 1, 5 ಬಂತು, ಗುಮಾಸ್ತರಿಗೆ 4, 2, 3, 1 ಬಂತು ಎಂದುಕೊಳ್ಳಿ. ನಾಲ್ಕು ಅಂಶಗಳಿಗೆ 40, 20, 30, 10 ತೂಕ ಕೊಟ್ಟು ಗುಣಿಸಿ ಕೂಡಿಸಿದರೆ ಗುಮಾಸ್ತರು 300, ತುಂಬು ಬಿಡಿಸುವವರು 240. ನಾಲ್ಕಕ್ಕೂ ಸಮನಾಗಿ 25 ಕೊಟ್ಟರೆ ಗುಮಾಸ್ತರು 250, ಇವರು 300. ಕೆಲಸ ಅದೇ, ಅಂಕ ಅದೇ, ಮೇಲಿನವರು ಕೆಳಗಾದರು. ತೂಕ ನಿಗದಿ ಮಾಡುವವರು ಯಾರು ಎಂಬ ಪ್ರಶ್ನೆಯನ್ನು ಮಕ್ಕಳೇ ಎತ್ತುವವರೆಗೂ ಕಾಯಿರಿ. ನೀವೇ ಹೇಳಿಬಿಟ್ಟರೆ ಅದು ಇನ್ನೊಂದು ಬಾಯಿಪಾಠ ಆಗುತ್ತದೆ.

ಕಾಯಕದಲ್ಲಿ ಮೇಲು ಕೀಳಿಲ್ಲ ಎಂದು ಒಬ್ಬರಾದರೂ ಹೇಳುತ್ತಾರೆ. ಒಳ್ಳೆಯದು. ಹಾಗಾದರೆ ಕೂಲಿಯಲ್ಲಿ ಇಷ್ಟು ಮೇಲು ಕೀಳು ಯಾಕೆ ಎಂದು ತಿರುಗಿ ಕೇಳಿ. ಹಿತವಲ್ಲದ ಕೆಲಸಕ್ಕೆ, ವರ್ಷಪೂರ್ತಿ ಸಿಗದ ಕೆಲಸಕ್ಕೆ ಕೂಲಿ ಹೆಚ್ಚಿರುತ್ತದೆ ಎಂದು 1776ರಲ್ಲಿ ಅರ್ಥಶಾಸ್ತ್ರಜ್ಞ ಆ್ಯಡಂ ಸ್ಮಿತ್ ಬರೆದಿದ್ದರು. ಮೆಣಸಿನಕಾಯಿಯದು ಸುಗ್ಗಿಯ ಕೆಲಸ, ಘಾಟಿನ ಕೆಲಸ. ಆ ಲೆಕ್ಕದಲ್ಲಿ ಕೂಲಿ ಚೆನ್ನಾಗಿರಬೇಕಿತ್ತು. ಅತಿ ಕಷ್ಟದ, ಅತಿ ಅಸಹ್ಯದ ಕೆಲಸಕ್ಕೇ ಸಾಮಾನ್ಯವಾಗಿ ಅತಿ ಕಡಿಮೆ ಕೂಲಿ, ಯಾಕೆಂದರೆ ಬೇರೆ ದಾರಿ ಇಲ್ಲದವರೇ ಅದನ್ನು ಮಾಡುತ್ತಾರೆ ಎಂದು 1848ರಲ್ಲಿ ಇನ್ನೊಬ್ಬ ಚಿಂತಕ ಜಾನ್ ಸ್ಟುವರ್ಟ್ ಮಿಲ್ ಉತ್ತರ ಕೊಟ್ಟರು. ಮಿಲ್ ಕೂಡ ಬೆಂಥಮ್ ಅವರ ಹಾಗೆ ಸುಖದ ಲೆಕ್ಕದ ಪಂಥದವರೇ ಎಂಬುದನ್ನು ಇಲ್ಲಿ ಹೇಳಲೇಬೇಕು.

ಕಾನೂನಿನ ವಿಷಯದಲ್ಲಿ ಮಕ್ಕಳಿಗೆ ಸುಳ್ಳು ಭರವಸೆ ಬೇಡ. 1951ರ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಒಪ್ಪಂದದಲ್ಲಿ ಇರುವುದು ಸಮಾನ ಮೌಲ್ಯದ ಕೆಲಸಕ್ಕೆ ಹೆಣ್ಣಿಗೂ ಗಂಡಿಗೂ ಸಮಾನ ಕೂಲಿ ಎಂಬ ಮಾತು. ನಮ್ಮ 1976ರ ಸಮಾನ ವೇತನ ಕಾಯ್ದೆಯಲ್ಲಿ ಇದ್ದದ್ದೂ, ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯಲ್ಲಿ ಇರುವುದೂ ಒಂದೇ ಕೆಲಸ ಅಥವಾ ಅದೇ ಬಗೆಯ ಕೆಲಸ ಎಂಬ ಮಾತು. ಹೆಣ್ಣಾಳು ಗಂಡಾಳು ಒಂದೇ ಕೆಲಸ ಮಾಡಿದರೆ ಒಂದೇ ಕೂಲಿ ಕೇಳಬಹುದು. ತುಂಬು ಬಿಡಿಸುವವರನ್ನು ಗುಮಾಸ್ತರ ಜೊತೆ ತೂಗಿ ನೋಡುವ ನಮ್ಮ ಲೆಕ್ಕ ಈ ಮಾತುಗಳಲ್ಲಿ ಹಿಡಿಸುವುದಿಲ್ಲ.

ಎರಡನೆಯ ತಾಸಿಗೆ ಬೆಂಥಮ್. ಕಿಲೋಗೆ 1 ರೂಪಾಯಿ ಕೂಲಿ ಏರಿತು, ಅದು ಪೂರ್ತಿ ಕೊಳ್ಳುವವರ ಮೇಲೆ ಬಿತ್ತು ಎನ್ನಿ. ದಿನಕ್ಕೆ 20 ಕಿಲೋ ಬಿಡಿಸುವವರಿಗೆ 20 ರೂಪಾಯಿ ಹೆಚ್ಚು. ವರ್ಷಕ್ಕೆ 5 ಕಿಲೋ ಕೊಳ್ಳುವ ಮನೆಗೆ 5 ರೂಪಾಯಿ ಭಾರ. ಎಲ್ಲರದ್ದೂ ಕೂಡಿಸಿದರೆ ಒಟ್ಟು ಹಣ ಎರಡೂ ಕಡೆ ಸಮ, ಸುಖ ಸಮ ಅಲ್ಲ: ಇಲ್ಲದವರ ಕೈಗೆ ಬಂದ ರೂಪಾಯಿಯ ಬೆಲೆ ಹೆಚ್ಚು. ಇಲ್ಲಿಯವರೆಗೆ ತರಗತಿಯೆಲ್ಲ ಹೂಂ ಅನ್ನುತ್ತದೆ. ಪಾಠವನ್ನು ಇಲ್ಲಿಗೇ ಮುಗಿಸಬಾರದು.

ಕೂಲಿ ಏರಿದರೆ ಯಂತ್ರ ಬರಬಹುದು. ಇದಕ್ಕೆ ಬೇರೆಯದೇ ಲೆಕ್ಕ ಹಾಕಿಸಿ. 100 ಮಂದಿ ದಿನಕ್ಕೆ ತಲಾ 200 ರೂಪಾಯಿ ದುಡಿಯುತ್ತಿದ್ದರು; ಒಟ್ಟು 20,000. ಕೂಲಿ 240 ಆಗಿ 10 ಮಂದಿಗೆ ಕೆಲಸ ತಪ್ಪಿದರೆ 90 ಮಂದಿಯ ಒಟ್ಟು 21,600. ಮೊತ್ತ ಏರಿತು, ಹತ್ತು ಮನೆಯ ಒಲೆ ತಣ್ಣಗಾಯಿತು. 20 ಮಂದಿಗೆ ತಪ್ಪಿದರೆ 19,200, ಮೊತ್ತವೂ ಇಳಿಯಿತು. ನನ್ನ ಮಟ್ಟಿಗೆ ಈ ಪಾಠದ ಜೀವ ಇರುವುದು ಆ 10 ಮಂದಿಯಲ್ಲಿ. ಒಟ್ಟು ಮೊತ್ತದ ಲೆಕ್ಕದಲ್ಲಿ ಅವರು ಕಾಣುವುದೇ ಇಲ್ಲ.

ಹಾಗಾಗಿ ಕೊನೆಯ ಇಪ್ಪತ್ತು ನಿಮಿಷ ಬರವಣಿಗೆಗೆ. 90 ಮಂದಿ ತಮಗೆ ಏರಿದ 40ರಲ್ಲಿ ತಲಾ 10 ಬಿಟ್ಟುಕೊಟ್ಟರೆ 900. ಕೆಲಸ ಹೋದವರಿಗೆ ತಲಾ 90. ಅದನ್ನು ಕೆಲಸ ಉಳಿದವರೇ ಕೊಡಬೇಕೋ, ಯಂತ್ರದಿಂದ ಉಳಿತಾಯ ಕಂಡವರು ಕೊಡಬೇಕೋ, ಮೆಣಸಿನಕಾಯಿ ಕೊಳ್ಳುವ ನಾವೆಲ್ಲ ಕೊಡಬೇಕೋ? ಉತ್ತರದ ಜೊತೆ ರೂಪಾಯಿಯ ಅಂಕಿಯೂ ಇರಬೇಕು. ಅಂಕಿ ಇಲ್ಲದ ಉತ್ತರವನ್ನು ಮರಳಿ ಬರೆಯಲು ಕೊಡಿ.