ತಲೆಕಟ್ಟು ಬರುತ್ತಾ ಇದರಲ್ಲಿ?

"ಯಾರಿಗೆ ಮೇಡಂ, ಮಗುಗಾ?"

ಶನಿವಾರ ಮೈಸೂರಿನ ದೇವರಾಜ ಅರಸು ರಸ್ತೆ ಹತ್ತಿರದ ಅಂಗಡಿಗೆ, ಕಂಪ್ಯೂಟರಿನಲ್ಲಿ ಪೆನ್ನಿಂದ ಚಿತ್ರ ಬರೆಯುವ ಟ್ಯಾಬ್ಲೆಟ್ ಕೊಳ್ಳಲು ಹೋದಾಗ ಅಲ್ಲಿನ ಹುಡುಗ ಕೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. ಪಕ್ಕದಲ್ಲಿ ನಿಂತಿದ್ದ ಅಪ್ಪನ ಕಡೆ ಕೈ ತೋರಿಸಿದೆ. ಅವನು ಅಪ್ಪನನ್ನು ನೋಡಿದ, ನನ್ನನ್ನು ನೋಡಿದ. "ಅಂಕಲ್‌ಗಾ? ಹಾಗಾದ್ರೆ ಚಿಕ್ಕದೇ ಸಾಕು ಬಿಡಿ. ಬಿಗಿನರ್ಸ್‌ಗೆ ನಾವು ಇದೇ ಕೊಡೋದು."

ಬಿಗಿನರ್! ಅಪ್ಪ ಈ ಊರಲ್ಲಿ 35 ವರ್ಷ ಬೋರ್ಡ್ ಬರೆದವರು. ಟೈಲರ್ ಅಂಗಡಿ, ಸೈಕಲ್ ಶಾಪ್, ಹೋಟೆಲ್, ಕಾಂಪೌಂಡ್ ಗೋಡೆ ಎಲ್ಲದಕ್ಕೂ. ಕಾವಾದಂಥ ಕಲಾ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆದರೆ ಭಾನುವಾರ ನಮ್ಮನ್ನು ಜಗನ್ಮೋಹನ ಅರಮನೆಗೆ ಕರೆದುಕೊಂಡು ಹೋಗಿ, ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ನಿಲ್ಲಿಸುತ್ತಿದ್ದರು. ತುಂಬಾ ಜನ ಅದನ್ನು ರವಿವರ್ಮ ಬರೆದಿದ್ದು ಅಂದುಕೊಂಡಿದ್ದಾರೆ. ಬರೆದವರು ಹಲ್ದಣಕರ್, ಅದೂ ವಾಟರ್ ಕಲರ್‌ನಲ್ಲಿ. "ಬೆರಳ ಸಂದಿಯಿಂದ ಬರೋ ಬೆಳಕು ನೋಡ್ರೇ" ಅನ್ನುತ್ತಿದ್ದರು ಅಪ್ಪ.

ಆಮೇಲೆ ಫ್ಲೆಕ್ಸ್ ಬಂತು. ಎರಡು ದಿನ ಹಿಡಿಯುತ್ತಿದ್ದ ಬೋರ್ಡು ಗಂಟೆಯೊಳಗೆ ಪ್ರಿಂಟ್ ಆಗಿ ಬಂದರೆ ಯಾರು ಕಾಯ್ತಾರೆ? ಎನಾಮಲ್ ಡಬ್ಬಗಳು ಅಟ್ಟ ಸೇರಿದವು. ಕಂಪ್ಯೂಟರ್ ಅಂದರೆ ಮುಖ ತಿರುಗಿಸುತ್ತಿದ್ದ ಅದೇ ಅಪ್ಪ, ಅಕ್ಕನ ಮಗ ಇಂಥ ಪೆನ್ನಲ್ಲಿ ಚಿತ್ರ ಬರೆಯುವ ಒಂದು ವಿಡಿಯೊ ತೋರಿಸಿದಾಗಿನಿಂದ ಕೇಳುತ್ತಲೇ ಇದ್ದರು. "ಆ ಪೆನ್ನಲ್ಲಿ ಬೆಳಕು ಬರೆಯೋಕಾಗುತ್ತಾ, ಪುಟ್ಟಾ?"

ಅಂಗಡಿಯಲ್ಲಿ ಅಪ್ಪ ಕೇಳಿದ್ದು ಬೇರೆ. "ಒತ್ತಿದ್ರೆ ಗೆರೆ ದಪ್ಪ ಆಗುತ್ತಾ? ಕೈ ಎತ್ತುತ್ತಾ ಬಂದ್ರೆ ಸಣ್ಣ ಆಗುತ್ತಾ? ತಲೆಕಟ್ಟು ಬರುತ್ತಾ ಇದರಲ್ಲಿ?"

ಹುಡುಗ ಡಬ್ಬ ತಿರುಗಿಸಿ ಓದಿದ. "8192 ಲೆವೆಲ್ ಇದೆ ಅಂಕಲ್."

ಅಪ್ಪ ಕೇಳಿದ್ದಕ್ಕೆ ಉತ್ತರ ಅದೇ ಆಗಿತ್ತು. ಕೈಯ ಒತ್ತಡವನ್ನು ಪೆನ್ನು ಅಷ್ಟು ಹಂತಗಳಲ್ಲಿ ಅಳೆಯುತ್ತದೆ. ಆದರೆ ಅದು ಅವನಿಗೇ ಗೊತ್ತಿರಲಿಲ್ಲ. ಹುಡುಗ ಕೆಟ್ಟವನೇನಲ್ಲ. ತಾನು ಮಾರುವ ಸಾಮಾನನ್ನು ಒಂದು ಸಲವೂ ಹಿಡಿದು ನೋಡಿಲ್ಲ, ಅಷ್ಟೆ. ಗೆರೆ ಎಳೆದು ನೋಡಲು ಅಲ್ಲಿ ಒಂದು ಟ್ಯಾಬ್ಲೆಟ್ಟೂ ಬಿಚ್ಚಿಟ್ಟಿರಲಿಲ್ಲ. ಅಪ್ಪ ಸುಮ್ಮನಾದರು. ಅವರು ಸುಮ್ಮನಾಗಿದ್ದೇ ನನಗೆ ಜಾಸ್ತಿ ನೋವಾಗಿದ್ದು.

ಬೆಂಗಳೂರಿಂದ ಅಣ್ಣ ಫೋನಲ್ಲಿ "ಐಪ್ಯಾಡ್ ಕಳಿಸ್ತೀನಿ, ಪ್ರೊಕ್ರಿಯೇಟ್ ಅನ್ನೋ ಡ್ರಾಯಿಂಗ್ ಆ್ಯಪ್ ಹಾಕ್ಕೊಡು" ಅಂದ. ಅದು ಒಳ್ಳೆಯದೇ. ಬರೆದ ಜಾಗದಲ್ಲೇ ಗೆರೆ ಕಾಣುತ್ತದೆ. ಆದರೆ ಅಷ್ಟು ದುಡ್ಡಿನ ಸಾಮಾನನ್ನು ಅಪ್ಪ ಬಟ್ಟೆ ಸುತ್ತಿ ಬೀರುವಿನಲ್ಲಿ ಇಡುತ್ತಾರೆ. ಅಣ್ಣನಿಗೆ ಅಪ್ಪನ ಮೇಲೆ ಪ್ರೀತಿಯಿದೆ. ಪಕ್ಕದಲ್ಲಿ ಒಂದು ಗಂಟೆ ಕೂರುವ ತಾಳ್ಮೆ ಇಲ್ಲ.

ಕೊನೆಗೆ ಹುಯಾನ್ ಕಂಪನಿಯ ಟ್ಯಾಬ್ಲೆಟ್ ತಂದೆವು. ಸ್ಕ್ರೀನ್ ಇಲ್ಲದ್ದು, ಗೆರೆ ಲ್ಯಾಪ್‌ಟಾಪಿನಲ್ಲಿ ಕಾಣುತ್ತದೆ. ಬರೆಯುವ ಜಾಗ 10 ಇಂಚು ಅಗಲ, 6.25 ಇಂಚು ಎತ್ತರ. ಚಿಕ್ಕದು ಬೇಡ ಅಂತ ನಾನೇ ಹಟ ಹಿಡಿದೆ. ಚಿಕ್ಕದರಲ್ಲಿ ಮಣಿಕಟ್ಟಷ್ಟೇ ಆಡುತ್ತದೆ. ಅಪ್ಪ ಬರೆಯುವುದು ಇಡೀ ತೋಳಿಂದ. ಪೆನ್ನಿಗೆ ಬ್ಯಾಟರಿ ಇಲ್ಲ, ಕೆಳಗಿನ ಹಲಗೆಯಿಂದಲೇ ಅದಕ್ಕೆ ಶಕ್ತಿ ಸಿಗುತ್ತದೆ. ಹಾಗಾಗಿ ಬ್ರಶ್ಶಿನಷ್ಟೇ ಹಗುರ. ಸಾಫ್ಟ್‌ವೇರ್‌ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಫೋಟೊಶಾಪ್‌ಗೆ ಚಂದಾ ಕಟ್ಟುತ್ತಲೇ ಇರಬೇಕು. ಕ್ರಿತಾ ಅನ್ನುವ ಸಾಫ್ಟ್‌ವೇರ್ ಅದರ ವೆಬ್‌ಸೈಟಿನಲ್ಲೇ ಪುಕ್ಕಟೆ ಸಿಗುತ್ತದೆ, ಪೇಂಟಿಂಗ್‌ಗೆ ಅಂತಲೇ ಮಾಡಿದ್ದು.

ಮೊದಲ ದಿನ ಕಷ್ಟವಾಯಿತು. "ಕೈ ಇಲ್ಲಿ, ಗೆರೆ ಅಲ್ಲಿ" ಅಂತ ಅಪ್ಪ ಮತ್ತೆ ಮತ್ತೆ ಬಗ್ಗಿ ಕೈ ನೋಡುತ್ತಿದ್ದರು. ಎರಡನೇ ದಿನ ಕರೆದರು. "ನಾನು ಸೊನ್ನೆ ಬರೀತಿದೀನಿ, ಇದು ಮೊಟ್ಟೆ ಮಾಡ್ತಿದೆ."

ನನಗೆ ದುಂಡಗೇ ಕಂಡಿತು. ಅಳತೆ ತೆಗೆದು ನೋಡಿದೆ. ಅಗಲಕ್ಕೂ ಎತ್ತರಕ್ಕೂ ಇರುವ ಪ್ರಮಾಣ ಟ್ಯಾಬ್ಲೆಟ್‌ದು 16:10, ಲ್ಯಾಪ್‌ಟಾಪ್ ಸ್ಕ್ರೀನಿನದು 16:9. ಬರೆದಿದ್ದೆಲ್ಲ ಅಡ್ಡಕ್ಕೆ ಒಂಚೂರು ಎಳೆದುಕೊಳ್ಳುತ್ತಿತ್ತು. ಟ್ಯಾಬ್ಲೆಟ್ಟಿನ ಡ್ರೈವರ್ ಸಾಫ್ಟ್‌ವೇರ್ ಸೆಟ್ಟಿಂಗ್‌ನಲ್ಲಿ ಎರಡನ್ನೂ ಸರಿಹೊಂದಿಸಿದ ಮೇಲೆ ಸೊನ್ನೆ ಸೊನ್ನೆಯಾಯಿತು. ಯಾರ ಕಣ್ಣು ಇದನ್ನು ಹಿಡಿದಿದ್ದು? ಚಿಕ್ಕದೇ ಸಾಕು ಅಂತ ಅಂಗಡಿ ಹುಡುಗ ಯಾರಿಗೆ ಅಂದನೋ, ಆ ಅಂಕಲ್‌ದು. ಆ ಹುಡುಗ ಅಲ್ಲಿ ಇರಬೇಕಿತ್ತು ಅಂತ ಈ ವಾರ ಎಷ್ಟು ಸಲ ಅಂದುಕೊಂಡೆನೋ. ಹೊಸದಾಗಿ ಕಲಿಯುವವರು ಅಂದರೆ ಏನೂ ಬಾರದವರು ಅಂತ ಯಾಕೆ ಅಂದುಕೊಳ್ಳುತ್ತೇವೆ? ಅಪ್ಪನಿಗೆ ಹೊಸದು ಯಂತ್ರ ಮಾತ್ರ. ಅಕ್ಷರ ಎಲ್ಲಿ ದಪ್ಪವಾಗಬೇಕು, ಎಲ್ಲಿ ಸಣ್ಣವಾಗಿ ಮುಗಿಯಬೇಕು ಅನ್ನುವುದು ಆ ಕೈಗೆ ನಾನು ಹುಟ್ಟುವ ಮೊದಲೇ ಗೊತ್ತಿತ್ತು.

ಕೈ ಈಗ ಸ್ವಲ್ಪ ನಡುಗುತ್ತದೆ, ಅದೂ ನಿಜ. ಕ್ರಿತಾದಲ್ಲಿ ಸ್ಟೆಬಿಲೈಜರ್ ಅಂತ ಇದೆ, ನಡುಗಿದ ಗೆರೆಯನ್ನು ನಯ ಮಾಡುತ್ತದೆ. ಬೇಜಾರಾಗಬಹುದು ಅಂತ ಹೆದರುತ್ತಲೇ ಹೇಳಿದೆ. ಅಪ್ಪ ಒಂದೇ ಮಾತಲ್ಲಿ ಒಪ್ಪಿಕೊಂಡರು. "ಹಾಕು. ಬೋರ್ಡ್ ಬರೀವಾಗ ಕೈ ಊರಕ್ಕೆ ಕೋಲು ಇಟ್ಕೋತಿದ್ವಲ್ಲ, ಇದೂ ಅದೇ."

ನಿನ್ನೆ ರಾತ್ರಿ ಹನ್ನೊಂದಾದರೂ ಹಜಾರದಲ್ಲಿ ಲೈಟಿತ್ತು. ಹೋಗಿ ನೋಡಿದರೆ ಸ್ಕ್ರೀನಿನ ತುಂಬ ತಲೆಕಟ್ಟು. ಸಾಲು ಸಾಲಾಗಿ, ಬರೀ ತಲೆಕಟ್ಟು.

"ಮೂರನೇ ಸಾಲು, ಎಂಟನೇದು. ಅದೊಂದು ಸರಿಯಾಗಿ ಬಂದಿದೆ ನೋಡು" ಅಂದರು.

ಇವತ್ತು ಕೊಂಬು ಬರೆಯುತ್ತಾರಂತೆ. ದೀಪ ಆಮೇಲೆ.