ಇನ್ನೊಂದು ವರ್ಷ ಇರಬಹುದಲ್ವಾ?

ಈ ತಿಂಗಳ ಕೊನೆಗೆ ನನ್ನ ಆಸ್ಟ್ರೇಲಿಯಾ ವೀಸಾ ಮುಗಿಯುತ್ತದೆ. ಫೋನ್ ಮಾಡಿದವರೆಲ್ಲ ಕೇಳುವುದು ಒಂದೇ. "ಎರಡನೇ ವರ್ಷಕ್ಕೂ ಅವಕಾಶ ಇದೆಯಂತಲ್ಲ, ಯಾಕೆ ವಾಪಸ್ ಬರ್ತಿದ್ದೀಯಾ?" ಚಿಕ್ಕಮ್ಮ ಕೇಳಿದರು. ಜೊತೆಗೆ ಓದಿದವರು ಕೇಳಿದರು. ಹಾಸ್ಟೆಲ್‌ನಲ್ಲಿ ನನ್ನ ಪಕ್ಕದ ಮಂಚದ ಕೊರಿಯಾದ ಹುಡುಗಿಯೂ ಕೇಳಿದಳು. ಒಬ್ಬೊಬ್ಬರಿಗೆ ಒಂದೊಂದು ತುಂಡು ಉತ್ತರ ಕೊಟ್ಟಿದ್ದೇನೆ. ಪೂರ್ತಿ ಉತ್ತರ ಇಲ್ಲಿ ಬರೆಯುತ್ತೇನೆ.

ಗೊತ್ತಿಲ್ಲದವರಿಗೆ ಮೊದಲು ವೀಸಾ ಬಗ್ಗೆ ನಾಲ್ಕು ಮಾತು. ಇದು ಆಸ್ಟ್ರೇಲಿಯಾದ ವರ್ಕ್ ಅಂಡ್ ಹಾಲಿಡೇ ವೀಸಾ, ಸಬ್‌ಕ್ಲಾಸ್ 462. ಭಾರತ ಮತ್ತು ಆಸ್ಟ್ರೇಲಿಯಾ 2022ರಲ್ಲಿ ಸಹಿ ಹಾಕಿದ ವ್ಯಾಪಾರ ಒಪ್ಪಂದದಿಂದ ಬಂದದ್ದು. ನಮಗೆ ಇದರ ಬಾಗಿಲು ತೆರೆದದ್ದು 2024ರ ಸೆಪ್ಟೆಂಬರ್‌ನಲ್ಲಿ. 18ರಿಂದ 30 ವರ್ಷದವರಿಗೆ ಮಾತ್ರ, ವರ್ಷಕ್ಕೆ 1,000 ಜಾಗ. 25 ಆಸ್ಟ್ರೇಲಿಯಾ ಡಾಲರ್ ಕಟ್ಟಿ ಬ್ಯಾಲಟ್‌ಗೆ, ಅಂದರೆ ಲಾಟರಿ ಹಾಗೆ ಹೆಸರು ಎತ್ತುವುದಕ್ಕೆ, ಹೆಸರು ಕೊಡಬೇಕು. ಹೆಸರು ಬಂದರೆ ಆಮೇಲೆ ಅರ್ಜಿ. ಒಬ್ಬರೇ ಮಾಲೀಕರ ಹತ್ತಿರ ಸಾಮಾನ್ಯವಾಗಿ ಆರು ತಿಂಗಳಿಗಿಂತ ಜಾಸ್ತಿ ಕೆಲಸ ಮಾಡುವ ಹಾಗಿಲ್ಲ. ಎರಡನೇ ವರ್ಷ ಬೇಕಾದರೆ ಮೂರು ತಿಂಗಳು, ಅಂದರೆ 88 ದಿನ, ಸರ್ಕಾರ ಗುರುತಿಸಿದ ಪ್ರದೇಶದಲ್ಲಿ ಗುರುತಿಸಿದ ಕೆಲಸವನ್ನೇ ಮಾಡಿರಬೇಕು. ತೋಟದ ಕೆಲಸ, ಕಟ್ಟಡದ ಕೆಲಸ, ತೀರಾ ದೂರದ ಊರುಗಳಲ್ಲಾದರೆ ಹೋಟೆಲ್ ಕೆಲಸ ಕೂಡ ಲೆಕ್ಕಕ್ಕೆ ಬರುತ್ತದೆ. ನನಗೆ ಆ 88 ದಿನ ಆಗಿದೆ. ಅದಕ್ಕೇ ಎಲ್ಲರಿಗೂ ಆಶ್ಚರ್ಯ.

ಮೊದಲ ಕೆಲವು ತಿಂಗಳು ಮೆಲ್ಬರ್ನ್‌ನಲ್ಲಿ ಕೆಫೆಯೊಂದರಲ್ಲಿ ಪಾತ್ರೆ ತೊಳೆದೆ, ಆಮೇಲೆ ಟೇಬಲ್ ನೋಡಿಕೊಂಡೆ. ಅದರ ಬಗ್ಗೆ ಹೇಳುವುದು ಅಷ್ಟೇನಿಲ್ಲ. ಚಳಿಗಾಲ (ಇಲ್ಲಿ ಅದು ಜೂನ್‌ನಲ್ಲಿ) ಶುರುವಾದಾಗ ಕ್ವೀನ್ಸ್‌ಲ್ಯಾಂಡ್‌ನ ಬಂಡಬರ್ಗ್‌ಗೆ ಹೋದೆ. ಅಲ್ಲಿ ಚಳಿಗಾಲವೇ ಸ್ಟ್ರಾಬೆರಿ ಕಾಲ. ಕಬ್ಬು, ಸಿಹಿ ಗೆಣಸು, ಮಕಡೇಮಿಯ ಅನ್ನುವ ಬೀಜ, ಬೆಣ್ಣೆಹಣ್ಣು ಎಲ್ಲ ಬೆಳೆಯುವ ಊರು. ಹಣ್ಣು ಕೀಳುವವರಿಗೆಂದೇ ಹಾಸ್ಟೆಲ್‌ಗಳಿವೆ. ಬೆಳಗಿನ ಜಾವ ವ್ಯಾನ್ ಬರುತ್ತದೆ, ಕತ್ತಲಲ್ಲೇ ಹತ್ತಬೇಕು.

ಆ ಹಾಸ್ಟೆಲ್‌ನ ಅಡುಗೆಮನೆಯಲ್ಲಿ ಹೊಸಬರನ್ನು ಕೇಳುವ ಮೊದಲ ಪ್ರಶ್ನೆ "ಎಷ್ಟು ದಿನ ಆಯ್ತು?" ಹೆಸರು ಆಮೇಲೆ. ತೈವಾನಿನವರು, ಇಟಲಿಯವರು, ನಾವು, ಎಲ್ಲರೂ ದಿನ ಎಣಿಸುವವರೇ. ಬ್ರಿಟಿಷರಿಗೆ ಮಾತ್ರ 2024ರ ಜುಲೈ 1ರಿಂದ ಈ ನಿಯಮ ಇಲ್ಲ. ತೋಟಕ್ಕೆ ಕಾಲಿಡದೆಯೇ ಅವರು ಎರಡನೇ, ಮೂರನೇ ವರ್ಷದ ವೀಸಾ ಪಡೆಯಬಹುದು. ಕೆಲಸ ಹಿಡಿಸದಿದ್ದರೆ ಅವರು ಮರುದಿನವೇ ಬ್ಯಾಗ್ ಕಟ್ಟುತ್ತಿದ್ದರು. ನಾವು ಕಟ್ಟುತ್ತಿರಲಿಲ್ಲ. ಒಂದೇ ಸಾಲಿನಲ್ಲಿ ಬಗ್ಗಿ ಒಂದೇ ಹಣ್ಣು ಕೀಳುವವರ ನಡುವೆ ಈ ವ್ಯತ್ಯಾಸ ಇತ್ತು.

ಇದನ್ನು ನಾನು ಸ್ವಲ್ಪ ಒತ್ತಿ ಹೇಳಬೇಕು. ದಿನ ಬೇಕಾದವರು ಎಂಥದನ್ನೂ ಸಹಿಸಿಕೊಳ್ಳುತ್ತಾರೆ. ನನ್ನ ರೂಮಿನಲ್ಲಿದ್ದ ಒಬ್ಬಳಿಗೆ ಕಾಂಟ್ರಾಕ್ಟರ್ ಗಂಟೆ ಲೆಕ್ಕದಲ್ಲಿ ಕಡಿಮೆ ಬರೆಯುತ್ತಿದ್ದ. ಅವಳಿಗೂ ಅದು ಗೊತ್ತಿತ್ತು. ಬಿಟ್ಟರೆ ಬೇರೆ ತೋಟ ಸಿಗುವವರೆಗೆ ದಿನ ನಿಂತುಹೋಗುತ್ತದೆ, ಸೀಸನ್ ಮುಗಿಯುತ್ತದೆ ಅನ್ನುವ ಭಯ. ಕಾನೂನು ಅವಳ ಪರವಾಗಿಯೇ ಇದೆ. ತೂಕದ ಲೆಕ್ಕದಲ್ಲಿ ಕೂಲಿ ಕೊಟ್ಟರೂ ಗಂಟೆಗೆ ಇಷ್ಟಾದರೂ ಸಿಗಲೇಬೇಕು ಅನ್ನುವ ಖಾತ್ರಿ 2022ರ ಏಪ್ರಿಲ್‌ನಿಂದ ತೋಟದ ಕೆಲಸಕ್ಕೂ ಇದೆ. ವೀಸಾ ಹೆಸರಲ್ಲಿ ಹೆದರಿಸಿ ದುಡಿಸುವುದು 2024ರ ಜುಲೈನಿಂದ ಅಪರಾಧ. ಬೇಕಂತಲೇ ಸಂಬಳ ಕಡಿಮೆ ಕೊಡುವುದು 2025ರ ಜನವರಿ 1ರಿಂದ ಅಪರಾಧ. ಕೆಲಸಗಾರರ ದೂರು ಕೇಳುವ ಫೇರ್ ವರ್ಕ್ ಓಂಬುಡ್ಸ್‌ಮನ್ ಅನ್ನುವ ಸರ್ಕಾರಿ ಕಚೇರಿ ಇದೆ, ಅನುವಾದಕರ ಮೂಲಕವೂ ಮಾತಾಡಬಹುದು. ಆದರೆ ಇನ್ನು ಹದಿನೈದು ದಿನ ಉಳಿದಿದೆ ಅನ್ನುವವರು ಆ ನಂಬರಿಗೆ ಫೋನ್ ಮಾಡುವುದಿಲ್ಲ. ಮೊದಲು ದಿನ ಮುಗಿಯಲಿ ಅನ್ನುತ್ತಾರೆ. ಮುಗಿದ ಮೇಲೆ ಊರು ಬಿಟ್ಟಿರುತ್ತಾರೆ. ವೀಸಾವನ್ನು ತೋಟದ ದಿನಗಳಿಗೆ ಕಟ್ಟಿಹಾಕಿರುವ ಈ ನಿಯಮ ಹೋಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಎಲ್ಲ ತೋಟಗಳೂ ಹಾಗಲ್ಲ. ನನಗೆ ಸಂಬಳ ಸರಿಯಾಗಿಯೇ ಬಂತು. ದೇಶದ ಕನಿಷ್ಠ ವೇತನ 2025ರ ಜುಲೈ 1ರಿಂದ ಗಂಟೆಗೆ 24.95 ಡಾಲರ್. ನನ್ನ ಹಾಗೆ ಕ್ಯಾಶುಯಲ್ ಕೆಲಸದವರಿಗೆ ಅದರ ಮೇಲೆ ಶೇ 25 ಜಾಸ್ತಿ. ಆ ಶೇ 25 ಸುಮ್ನೆ ಕೊಡುವುದಲ್ಲ. ಸಂಬಳ ಸಹಿತ ರಜೆ ಇಲ್ಲ, ಜ್ವರ ಬಂದರೂ ಇಲ್ಲ, ಅದರ ಬದಲಿಗೆ ಇದು.

ಈ ಒಂದು ವಿಷಯ ನನ್ನನ್ನು ಬೇರೆ ಎಲ್ಲಕ್ಕಿಂತ ಜಾಸ್ತಿ ಕಾಡಿತು. ಯಾಕೆಂದರೆ ನಾನು ಫಿಸಿಯೋಥೆರಪಿ ಓದಿದವಳು. ಇಲ್ಲಿಗೆ ಬರುವ ಮೊದಲು ಎರಡು ವರ್ಷಕ್ಕಿಂತ ಜಾಸ್ತಿ ಕ್ಲಿನಿಕ್‌ನಲ್ಲಿ ಕೆಲಸ ಮಾಡಿದ್ದೆ. ಬೆನ್ನು ನೋವು ಅಂತ ಬಂದವರಿಗೆ ನಾವು ಹೇಳುವ ಮಾತುಗಳಿವೆ. ಬಗ್ಗುವುದು ಕಡಿಮೆ ಮಾಡಿ, ಗಂಟೆಗೊಮ್ಮೆ ಎದ್ದು ನಡೆದಾಡಿ, ಸ್ವಲ್ಪ ದಿನ ಭಾರ ಎತ್ತಬೇಡಿ. ಸ್ಟ್ರಾಬೆರಿ ಸಾಲಿನಲ್ಲಿ ನಿಂತು ನೋಡಿದರೆ ಈ ಮಾತುಗಳಲ್ಲಿ ಒಂದನ್ನೂ ಪಾಲಿಸುವ ಹಾಗಿಲ್ಲ. ಏರುಮಡಿ ಮೊಣಕಾಲಿಗಿಂತ ಕೆಳಗಿರುತ್ತದೆ. ಸೊಂಟ ಬಗ್ಗಿಸಿಯೇ ಗಂಟೆಗಟ್ಟಲೆ ಸರಿಯಬೇಕು. ನಿಂತರೆ ಸಾಲು ಹಿಂದೆ ಬೀಳುತ್ತದೆ, ಸೂಪರ್‌ವೈಸರ್ ಬರುತ್ತಾರೆ. ಒಂದು ದಿನ ರೆಸ್ಟ್ ಅಂದರೆ ಒಂದು ದಿನದ ಸಂಬಳ ಹೋಯಿತು, ದಿನದ ಲೆಕ್ಕದಲ್ಲಿ ಒಂದು ದಿನವೂ ಹೋಯಿತು.

ಸಂಜೆ ಹಾಸ್ಟೆಲ್‌ನಲ್ಲಿ ಯಾರಾದರೂ "ನೀನು ಫಿಸಿಯೋ ಅಲ್ವಾ, ಇಲ್ಲಿ ನೋಡು" ಅಂತ ಬರುತ್ತಿದ್ದರು. ಇಲ್ಲಿ ರಿಜಿಸ್ಟ್ರೇಷನ್ ಇಲ್ಲದೆ ಯಾರೂ ಫಿಸಿಯೋ ಅಂತ ಕೆಲಸ ಮಾಡುವ ಹಾಗಿಲ್ಲ. ಅದಕ್ಕೆ ಚಿಕಿತ್ಸೆ ಅಂತ ಏನೂ ಮಾಡಲಿಲ್ಲ. ಆದರೆ ಜೊತೆಗೆ ಕೆಲಸ ಮಾಡುವವರಾಗಿ ಒಟ್ಟಿಗೆ ಯೋಚನೆ ಮಾಡಿದೆವು. ಟ್ರೇ ಯಾವ ಕೈಯಲ್ಲಿ ಹಿಡಿದರೆ ಒಳ್ಳೆಯದು? ಪ್ರತಿ ಸಾಲಿಗೂ ಮುಂದಿಡುವ ಕಾಲು ಬದಲಿಸಿದರೆ ಹೇಗೆ? ಟ್ರೇ ಇಡಲು ಹೋಗುವಾಗ ಸಿಗುವ ಅರ್ಧ ನಿಮಿಷದಲ್ಲಿ ಬೆನ್ನನ್ನು ಹಿಂದಕ್ಕೆ ಚಾಚಿದರೆ ಸಾಕಾ? ಟೋಂಗಾದಿಂದ ಬಂದಿದ್ದ ಒಬ್ಬ ಹಿರಿಯರು ಎಷ್ಟೋ ಸೀಸನ್ ಕಂಡವರು. ಅವರ ನಡಿಗೆಯಲ್ಲೇ ಎಲ್ಲ ಉತ್ತರ ಇತ್ತು. ಅವರು ಎಂದೂ ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇರುತ್ತಿರಲಿಲ್ಲ. ಒಮ್ಮೆ ಮಂಡಿ, ಒಮ್ಮೆ ಸೊಂಟ, ಒಮ್ಮೆ ಕುಕ್ಕರಗಾಲು. ನೋಡಿ ನೋಡಿ ನಾನೂ ಕಲಿತೆ.

ಆ ವಾರಗಳಲ್ಲೇ ವಾಪಸ್ ಹೋಗುವ ಯೋಚನೆ ಗಟ್ಟಿಯಾಯಿತು. ದುಡಿಯುವ ಮೈಗೆ ರೆಸ್ಟ್ ಅನ್ನುವುದು ದುಬಾರಿ ಔಷಧಿ. ಅದನ್ನು ಬರೆದುಕೊಡುವುದು ಸುಲಭ, ಕೊಳ್ಳುವುದು ಕಷ್ಟ. ಹಾಗಾದರೆ ಕೆಲಸ ಬಿಡದೆಯೇ ಬೆನ್ನು ಉಳಿಸಿಕೊಳ್ಳುವ ದಾರಿ ಹೇಳುವುದು ಹೇಗೆ? ಈ ಪ್ರಶ್ನೆಯ ಮೇಲೆ ಕೆಲಸ ಮಾಡಲು ನನಗೆ ಕ್ಲಿನಿಕ್ ಬೇಕು, ರೋಗಿಗಳು ಬೇಕು. ಅವರು ಮೂರು ತಿಂಗಳು ಬಿಟ್ಟು ಮತ್ತೆ ಬಂದು "ಈಗ ಹೇಗಿದೆ" ಅಂತ ಹೇಳಬೇಕು. ಆರು ತಿಂಗಳಿಗೊಮ್ಮೆ ಮಾಲೀಕರು ಬದಲಾಗುವ, ಸೀಸನ್‌ಗೊಮ್ಮೆ ಊರು ಬದಲಾಗುವ ಜೀವನದಲ್ಲಿ ಅದು ಆಗುವುದಿಲ್ಲ. ಎರಡನೇ ವರ್ಷ ಇದ್ದರೆ ದುಡ್ಡು ಇನ್ನಷ್ಟು ಸಿಗುತ್ತದೆ. ಕೈಯಲ್ಲಿದ್ದ ವಿದ್ಯೆಗೆ ಇನ್ನೊಂದು ವರ್ಷದ ತುಕ್ಕು ಕೂಡ ಹಿಡಿಯುತ್ತದೆ.

ಇರಬೇಕು ಅಂತ ಅನ್ನಿಸಲೇ ಇಲ್ಲವಾ ಅಂದರೆ, ಅನ್ನಿಸಿತು. ಜೋರಾಗಿಯೇ ಅನ್ನಿಸಿತು. ಡಿಸೆಂಬರ್‌ನಲ್ಲಿ ಟಾಸ್ಮೇನಿಯಾಗೆ ಬಂದೆ, ಹ್ಯೂಅನ್ ಕಣಿವೆಯಲ್ಲಿ ಚೆರ್ರಿ ಕೀಳಲು. ರಾತ್ರಿ ಒಂಬತ್ತರ ಹತ್ತಿರವೂ ಬೆಳಕು. ಮಳೆ ಬಂದು ನಿಂತರೆ ತೋಟದ ಮೇಲೆ ಹೆಲಿಕಾಪ್ಟರ್ ಹಾರಿಸುತ್ತಾರೆ. ನೀರು ಕೂತರೆ ಹಣ್ಣು ಬಿರಿಯುತ್ತದೆ, ರೆಕ್ಕೆಯ ಗಾಳಿಗೆ ಆ ನೀರು ಉದುರಬೇಕು. ಚೆರ್ರಿಯನ್ನು ತೊಟ್ಟಿನ ಸಮೇತ ಕೀಳಬೇಕು. ತೊಟ್ಟಿನ ಬುಡದಲ್ಲಿರುವ ಗಂಟನ್ನು ಮುರಿದರೆ ಮುಂದಿನ ವರ್ಷದ ಹೂವೂ ಹೋಗುತ್ತದೆ. ಇಷ್ಟು ನಾಜೂಕಿನ ಕೆಲಸವನ್ನು ಜನ "ಹಣ್ಣು ಕೀಳೋದು ಅಷ್ಟೇ" ಅನ್ನುತ್ತಾರಲ್ಲ, ಅದು ನನಗೆ ಬೇಜಾರು. ಏಣಿ ಮೇಲೆ ನಿಂತು ಕೆಲಸ ಮಾಡಿದ ಆ ವಾರಗಳು ಈ ವರ್ಷದ ಅತ್ಯಂತ ಸಂತೋಷದ ವಾರಗಳು.

ಎಷ್ಟು ಉಳಿಯಿತು ಅಂತಲೂ ಕೇಳುತ್ತೀರಿ. ನಮ್ಮ ವೀಸಾದವರಿಗೆ ಮೊದಲ ಡಾಲರ್‌ನಿಂದಲೇ ಶೇ 15 ತೆರಿಗೆ, 45,000 ಡಾಲರ್‌ವರೆಗೆ. ಮಾಲೀಕರು ಸಂಬಳದ ಜೊತೆಗೆ ಶೇ 12 ಸೂಪರ್ ಕಟ್ಟುತ್ತಾರೆ, ಅದು ಇಲ್ಲಿಯ ಪಿಂಚಣಿ ದುಡ್ಡು. ದೇಶ ಬಿಟ್ಟು ವೀಸಾ ಮುಗಿದ ಮೇಲೆ ಅದನ್ನು ವಾಪಸ್ ಕೇಳಬಹುದು. ಆದರೆ ಅದರಲ್ಲಿ ಶೇ 65 ತೆರಿಗೆಗೆ ಹೋಗುತ್ತದೆ. ಸರ್ಕಾರಿ ಆರೋಗ್ಯ ಯೋಜನೆಯಾದ ಮೆಡಿಕೇರ್ ನಮಗೆ ಇಲ್ಲ, ಇನ್ಶೂರೆನ್ಸ್ ನಾವೇ ಮಾಡಿಸಬೇಕು. ವಾರದ ಬಾಡಿಗೆ, ವ್ಯಾನ್ ಚಾರ್ಜ್, ಮಳೆ ಬಂದು ಕೆಲಸ ಇಲ್ಲದ ದಿನಗಳು, ಎಲ್ಲ ಕಳೆದರೆ ಬಂದ ಖರ್ಚು ಹುಟ್ಟಿದೆ, ಮೇಲೆ ಸ್ವಲ್ಪ ಉಳಿದಿದೆ. ದುಡ್ಡಿಗಾಗಿಯೇ ಬರುವವರು ಈ ಲೆಕ್ಕ ಮೊದಲೇ ಹಾಕಿಕೊಳ್ಳಿ.

ಬರಬೇಕಾ ಬೇಡವಾ ಅಂತ ಕೇಳುವ ತಮ್ಮ ತಂಗಿಯರಿಗೆ ನನ್ನ ಉತ್ತರ, ಬನ್ನಿ. ಆದರೆ ದಿನ ಎಣಿಸುವ ನಿರ್ಧಾರವನ್ನು ಮೊದಲ ವಾರವೇ ಮಾಡಬೇಡಿ. ಎರಡನೇ ವರ್ಷ ಬೇಕೇ ಬೇಕು ಅಂತ ಮುಖದ ಮೇಲೆ ಬರೆದುಕೊಂಡು ಹೋದರೆ ಕಾಂಟ್ರಾಕ್ಟರ್ ಅದನ್ನು ಓದುತ್ತಾನೆ. ಕ್ಯಾಶ್ ಕೊಡುತ್ತೇನೆ ಅಂದರೆ ಒಪ್ಪಬೇಡಿ. ಪ್ರತಿ ವಾರದ ಪೇಸ್ಲಿಪ್ ಇಟ್ಟುಕೊಳ್ಳಿ, ನಿಮ್ಮ ಗಂಟೆ ನೀವೇ ಬರೆದಿಟ್ಟುಕೊಳ್ಳಿ. ನನ್ನ ರೂಮಿನವಳು ಹಾಗೆ ಬರೆದಿಟ್ಟಿದ್ದಳು. ದಿನ ಮುಗಿದ ಮೇಲೆ ಈಗ ದೂರು ಕೊಟ್ಟಿದ್ದಾಳೆ. ಅವಳ ಜೊತೆ ಅದೇ ಸಾಲುಗಳಲ್ಲಿದ್ದ ನಾವು ಮೂವರು ಸಾಕ್ಷಿ ಬರೆದುಕೊಟ್ಟಿದ್ದೇವೆ. ನಾನು ವಾಪಸ್ ಬಂದ ಮೇಲೂ ದೂರು ವಿಚಾರಿಸುವವರು ಕರೆದರೆ ಫೋನ್‌ನಲ್ಲಿ ಹೇಳಲು ಸಿದ್ಧ ಇದ್ದೇನೆ.